ಕರೆಂಟ್, ಬಿಸಿನೀರು, ಸಿಹಿನೀರು, ಹೈಡ್ರೋಜನ್ ಒಟ್ಟಿಗಿರುವ ಮೈಕ್ರೊಗ್ರಿಡ್: ದಿನದ ವೇಳಾಪಟ್ಟಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಕ್ರೊಗ್ರಿಡ್ ಎಂದರೆ ಒಂದೇ ಆವರಣದೊಳಗಿನ ಸಣ್ಣ ವಿದ್ಯುತ್ ಜಾಲ. ಸುರತ್ಕಲ್‌ನಿಂದ ಕುಂದಾಪುರದವರೆಗಿನ ಹಾಸ್ಟೆಲ್, ಆಸ್ಪತ್ರೆ, ರೆಸಾರ್ಟ್, ಮೀನು ಸಂಸ್ಕರಣಾ ಘಟಕಗಳ ನಿರ್ವಹಣೆ ನೋಡಿಕೊಳ್ಳುವವರಿಗೆ ಮತ್ತು ಈ ವಿಷಯದಲ್ಲಿ ಪ್ರಾಜೆಕ್ಟ್ ಮಾಡುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಪುಟ.

ಲೆಕ್ಕ ಗೊಂದಲವಾಗದಿರಲಿ ಎಂದು ಎಲ್ಲ ಉತ್ತರಗಳಿಗೂ ಒಂದೇ ಕಾಲ್ಪನಿಕ ಘಟಕ ಇಟ್ಟುಕೊಂಡಿದ್ದೇವೆ. ಕಡಲ ಬದಿಯ ಒಂದು ವಸತಿ ಕಾಲೇಜು. ಮಾಡಿನ ಮೇಲೆ 500 ಕಿಲೋವ್ಯಾಟ್ ಸೋಲಾರ್. 400 ಯೂನಿಟ್‌ನ ಲಿಥಿಯಂ ಬ್ಯಾಟರಿ, ಅದರಲ್ಲಿ ಬಳಸುವುದು ಶೇ 10ರಿಂದ 90ರವರೆಗೆ ಮಾತ್ರ, ಅಂದರೆ 320 ಯೂನಿಟ್. ಗಂಟೆಗೆ 5,000 ಲೀಟರ್ ಕೊಡುವ ಸಮುದ್ರನೀರಿನ ಆರ್‌ಒ, 1.5 ಲಕ್ಷ ಲೀಟರ್ ಸಿಹಿನೀರಿನ ಟ್ಯಾಂಕಿ. 40 ಕಿಲೋವ್ಯಾಟ್ ಹೀಟ್ ಪಂಪ್ (ಹೊರಗಾಳಿಯ ಬಿಸಿ ಎಳೆದು ನೀರು ಕಾಯಿಸುವ ಯಂತ್ರ), 15,000 ಲೀಟರ್ ಬಿಸಿನೀರಿನ ಟ್ಯಾಂಕ್. 100 ಕಿಲೋವ್ಯಾಟ್‌ನ ಆಲ್ಕಲೈನ್ ಎಲೆಕ್ಟ್ರೊಲೈಸರ್ (ಕ್ಷಾರ ದ್ರಾವಣದಲ್ಲಿ ಕರೆಂಟ್ ಹಾಯಿಸಿ ನೀರನ್ನು ಹೈಡ್ರೋಜನ್, ಆಮ್ಲಜನಕವಾಗಿ ಒಡೆಯುವ ಯಂತ್ರ), 30 ಬಾರ್ ಒತ್ತಡದಲ್ಲಿ 40 ಕೆಜಿ ಹೈಡ್ರೋಜನ್ ಸಂಗ್ರಹ, ಹೈಡ್ರೋಜನ್ನನ್ನು ಮತ್ತೆ ಕರೆಂಟ್ ಮಾಡುವ 30 ಕಿಲೋವ್ಯಾಟ್ ಫ್ಯುಯೆಲ್ ಸೆಲ್. ಉಳಿದ ಲೋಡ್ ಹಗಲು 120, ರಾತ್ರಿ 80 ಕಿಲೋವ್ಯಾಟ್. ನಿಮ್ಮಲ್ಲಿರುವ ಅಂಕಿ ಹಾಕಿ ಲೆಕ್ಕ ಮತ್ತೆ ಮಾಡಿ, ವಿಧಾನ ಅದೇ.

ನಾಲ್ಕನ್ನೂ ಒಟ್ಟಿಗೆ ಯೋಜಿಸುವುದು ಯಾಕೆ? ಬೇರೆ ಬೇರೆ ಟೈಮರ್ ಇಟ್ಟರೆ ಸಾಲದೆ?

ಒಂದರ ನಿರ್ಧಾರ ಇನ್ನೊಂದರ ಕೈ ಕಟ್ಟುತ್ತದೆ. ಎಲೆಕ್ಟ್ರೊಲೈಸರ್‌ಗೆ ಕರೆಂಟೂ ಬೇಕು, ಶುದ್ಧ ನೀರೂ ಬೇಕು. ಅದು ಬಿಸಿಯನ್ನು ಹೊರಹಾಕುತ್ತದೆ. ಹೀಟ್ ಪಂಪಿನ ಟೈಮರ್ ಬೆಳಿಗ್ಗೆ 9ಕ್ಕೇ ಓಡಿ ಬಿಸಿನೀರಿನ ಟ್ಯಾಂಕ್ ಪೂರ್ತಿ ಕಾಯಿಸಿಬಿಟ್ಟಿತು ಎಂದುಕೊಳ್ಳಿ. 11ಕ್ಕೆ ಎಲೆಕ್ಟ್ರೊಲೈಸರ್ ಶುರುವಾದಾಗ ಅದರ ಬಿಸಿಗೆ ಜಾಗವೇ ಇಲ್ಲ. ಫ್ಯಾನ್ ಹಾಕಿ ಗಾಳಿಗೆ ಬಿಡಬೇಕು. ಎರಡೂ ಯಂತ್ರ ತಮ್ಮ ಮಟ್ಟಿಗೆ ಸರಿಯಾಗಿಯೇ ಓಡಿವೆ, ನಷ್ಟ ಮಾತ್ರ ನಿಮ್ಮದು.

ಮಧ್ಯಾಹ್ನ ಸೋಲಾರ್ ಹೆಚ್ಚಾದಾಗ ಮೊದಲು ಯಾವುದನ್ನು ತುಂಬಿಸಬೇಕು?

ನೇರ ಬಳಕೆ, ಆಮೇಲೆ ಆರ್‌ಒ, ಆಮೇಲೆ ಬಿಸಿನೀರು, ಆಮೇಲೆ ಬ್ಯಾಟರಿ, ಕೊನೆಗೆ ಹೈಡ್ರೋಜನ್. ಈ ಸಾಲು ನೆನಪಿಟ್ಟರೆ ಅರ್ಧ ಕೆಲಸ ಆದಂತೆ. ಯಾಕೆ ಎನ್ನುವುದಕ್ಕೆ ಲೆಕ್ಕ ಇಲ್ಲಿದೆ.

ಸಮುದ್ರನೀರಿನ ಆರ್‌ಒಗೆ ಸಾವಿರ ಲೀಟರ್‌ಗೆ 3ರಿಂದ 4 ಯೂನಿಟ್ ಬೇಕು. ದಿನಕ್ಕೆ 60,000 ಲೀಟರ್ ಬೇಕಾದರೆ 240 ಯೂನಿಟ್. ಈ ನೀರು ಹೇಗೂ ಆಗಲೇಬೇಕು; ರಾತ್ರಿ ಮಾಡುವುದನ್ನು ಹಗಲು ಮಾಡಿದರೆ ಕರೆಂಟ್ ಬಳಕೆಯ ಹೊತ್ತು ಬದಲಾಯಿತೇ ಹೊರತು ಒಂದು ಯೂನಿಟೂ ಪೋಲಾಗಲಿಲ್ಲ. ಬಿಸಿನೀರೂ ಹಾಗೆಯೇ: 15,000 ಲೀಟರ್ ನೀರನ್ನು 28 ಡಿಗ್ರಿಯಿಂದ 60ಕ್ಕೆ ಏರಿಸಲು 558 ಯೂನಿಟ್‌ನಷ್ಟು ಶಾಖ ಬೇಕು. ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್ ಶಾಖ ಕೊಟ್ಟರೆ ತಗಲುವ ಕರೆಂಟ್ 160 ಯೂನಿಟ್, ಓಡುವ ಅವಧಿ ನಾಲ್ಕು ಗಂಟೆ. ಚೆನ್ನಾಗಿ ಇನ್ಸುಲೇಟ್ ಮಾಡಿದ ಟ್ಯಾಂಕ್ ರಾತ್ರಿ ಬೆಳಗಾಗುವುದರೊಳಗೆ ಎರಡು ಡಿಗ್ರಿ ಇಳಿದರೂ ನಷ್ಟ ಕರೆಂಟಿನ ಲೆಕ್ಕದಲ್ಲಿ 10 ಯೂನಿಟ್.

ಬ್ಯಾಟರಿಗೆ 500 ಯೂನಿಟ್ ಹಾಕಿದರೆ ಹಿಂತಿರುಗುವುದು ಸುಮಾರು 440. ಅದೇ 500 ಯೂನಿಟ್ ಎಲೆಕ್ಟ್ರೊಲೈಸರ್‌ಗೆ ಹೋದರೆ, ಕೆಜಿಗೆ 53 ಯೂನಿಟ್‌ನಂತೆ, 9.4 ಕೆಜಿ ಹೈಡ್ರೋಜನ್. ಅದನ್ನು ಫ್ಯುಯೆಲ್ ಸೆಲ್‌ನಲ್ಲಿ ಮತ್ತೆ ಕರೆಂಟ್ ಮಾಡಿದರೆ, ಕೆಜಿಗೆ 16 ಯೂನಿಟ್‌ನಂತೆ, 150. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ದಾರಿಯಲ್ಲೇ ಹೋಯಿತು.

ಏಪ್ರಿಲ್‌ನ ಶುಭ್ರ ದಿನದಲ್ಲಿ ನಮ್ಮ ಘಟಕದ ಸೋಲಾರ್ 2,400 ಯೂನಿಟ್ ಕೊಡುತ್ತದೆ. ಬೆಳಿಗ್ಗೆ 9ರಿಂದ ಸಂಜೆ 4ರ ನಡುವೆ ನೇರ ಲೋಡ್ ಕಳೆದು ಉಳಿಯುವುದು ಹೆಚ್ಚುಕಡಿಮೆ 1,300. ಆರ್‌ಒ ಈ ಏಳು ಗಂಟೆಗೆ 140 (ಉಳಿದ 100 ಯೂನಿಟ್‌ನ ನೀರು ಈ ಅವಧಿಯ ಹೊರಗೆ), ಹೀಟ್ ಪಂಪ್ 160, ಬ್ಯಾಟರಿಯ 320 ತುಂಬಲು ನಷ್ಟ ಸೇರಿ 340, ಎಲೆಕ್ಟ್ರೊಲೈಸರ್ ಐದು ಗಂಟೆ 500. ಆದರೂ ಸ್ವಲ್ಪ ಉಳಿದು ಗ್ರಿಡ್‌ಗೆ ಹೋಗುತ್ತದೆ.

ಬಾವಿಯ ಪಂಪನ್ನು ಹಗಲಿಗೆ ತಂದರೂ ಇಷ್ಟೇ ಲಾಭವೇ?

ಇಲ್ಲ. ಸಾವಿರ ಲೀಟರ್ ನೀರನ್ನು 30 ಮೀಟರ್ ಎತ್ತಲು, ಪಂಪಿನ ದಕ್ಷತೆ ಶೇ 55 ಇದ್ದರೆ, 0.15 ಯೂನಿಟ್ ಸಾಕು. ಐವತ್ತು ಸಾವಿರ ಲೀಟರ್‌ಗೆ ಏಳೂವರೆ ಯೂನಿಟ್. ಟೈಮರ್ ಹಾಕಿ ಬಿಡಿ, ವೇಳಾಪಟ್ಟಿ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗೆ ತರಬೇಡಿ. ಏಪ್ರಿಲ್, ಮೇಯಲ್ಲಿ ಬಾವಿಗೆ ಉಪ್ಪು ಏರಿ ಆರ್‌ಒ ಹಾಕಬೇಕಾಗಿ ಬಂದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ರಾತ್ರಿ ಅಗ್ಗದ ಕರೆಂಟಿನಲ್ಲಿ ಬ್ಯಾಟರಿ ಚಾರ್ಜ್ ಮಾಡಿ ಸಂಜೆ ಬಳಸಬಹುದೆ?

ಬಹುದು, ಆದರೆ ಹೆಚ್ಚಿನ ಕಡೆ ಗಿಟ್ಟುವುದಿಲ್ಲ. ಬ್ಯಾಟರಿ ಸವೆತದ ಬೆಲೆ ಮೊದಲು ಹಾಕಿ. ಬದಲಿಸುವ ವೆಚ್ಚ ಯೂನಿಟ್ ಸಾಮರ್ಥ್ಯಕ್ಕೆ ₹15,000, ಶೇ 80 ಆಳದ 5,000 ಸೈಕಲ್ ಬಾಳುತ್ತದೆ ಎಂದಿಟ್ಟುಕೊಂಡರೆ, ಹೊರಬರುವ ಪ್ರತಿ ಯೂನಿಟ್‌ಗೆ ₹3.75 ಸವೆತ. ರಾತ್ರಿ ದರ ₹6, ಸಂಜೆ ದರ ₹8 ಎಂದುಕೊಳ್ಳಿ. ₹6ರ ಯೂನಿಟ್ ಶೇ 88 ದಕ್ಷತೆಯಲ್ಲಿ ₹6.80 ಆಗುತ್ತದೆ, ಸವೆತ ಸೇರಿ ₹10.55. ಎಂಟು ರೂಪಾಯಿಯ ಕರೆಂಟನ್ನು ಹತ್ತೂವರೆ ಕೊಟ್ಟು ತಂದಂತೆ. ಗ್ರಿಡ್‌ಗೆ ಕೊಟ್ಟರೆ ₹3 ಸಿಗುವ ಸೋಲಾರ್ ಕರೆಂಟನ್ನು ತುಂಬಿಸಿದರೆ ₹7.15 ಬೀಳುತ್ತದೆ, ಅಲ್ಲಿ ಚೂರು ಉಳಿತಾಯವಿದೆ. ಇವೆಲ್ಲ ಉದಾಹರಣೆಯ ದರಗಳು. ನಿಮ್ಮ ಎಚ್‌ಟಿ (ಹೈ ಟೆನ್ಷನ್) ಬಿಲ್ ಮತ್ತು ಕೆಇಆರ್‌ಸಿಯ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ಚಾಲ್ತಿ ದರ ಆದೇಶ ನೋಡಿಯೇ ಅಂಕಿ ಹಾಕಿ. ಸೌರ ಅವಧಿಯ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕು ಎಂದು ಕೇಂದ್ರದ 2023ರ ತಿದ್ದುಪಡಿ ನಿಯಮ ಹೇಳುತ್ತದೆ. ಹಾಗಾಗಿ ‘ರಾತ್ರಿಯೇ ಅಗ್ಗ’ ಎಂಬ ಹಳೆಯ ರೂಢಿಯನ್ನು ಕಣ್ಣುಮುಚ್ಚಿ ಹಿಡಿಯಬೇಡಿ.

ಇದೇ ಲೆಕ್ಕ ಹೈಡ್ರೋಜನ್‌ಗೆ ಹಾಕಿ ನೋಡಿ. ₹3ರ ಕರೆಂಟ್ 53 ಯೂನಿಟ್ ಅಂದರೆ ಕೆಜಿಗೆ ₹159. ಅದರಿಂದ ಸಿಗುವ 16 ಯೂನಿಟ್‌ಗೆ ಭಾಗಿಸಿದರೆ ಯೂನಿಟ್‌ಗೆ ಸುಮಾರು ₹10, ಯಂತ್ರಗಳ ಸವೆತ ಸೇರಿಸುವ ಮೊದಲೇ. ದಿನನಿತ್ಯ ಸಂಜೆಯ ಕರೆಂಟಿಗೆ ಹೈಡ್ರೋಜನ್ ಬಳಸುವ ವೇಳಾಪಟ್ಟಿ ಕಂಡರೆ ಮಾಡೆಲ್‌ನಲ್ಲಿ ಎಲ್ಲೋ ತಪ್ಪಿದೆ ಎಂದೇ ತಿಳಿಯಿರಿ.

ಹಾಗಾದರೆ ಹೈಡ್ರೋಜನ್ ಯಾಕೆ ಬೇಕು?

ಮೂರು ಕಾರಣಕ್ಕೆ ಬೇಕಾಗಬಹುದು: ಹೈಡ್ರೋಜನ್ ಆಗಿಯೇ ಬಳಕೆ ಇದ್ದರೆ (ಪ್ರಯೋಗಾಲಯ, ವಾಹನ, ಕಾರ್ಖಾನೆಯ ಪ್ರಕ್ರಿಯೆ), ದೀರ್ಘ ಕರೆಂಟ್ ಕಡಿತಕ್ಕೆ, ಅಥವಾ ಕಲಿಕೆಗೆ. ಲ್ಯಾಬ್‌ಗಳು ಕೊಳ್ಳುವ 7 ಘನ ಮೀಟರ್‌ನ ಸಿಲಿಂಡರ್‌ನಲ್ಲಿ ಇರುವುದು 600 ಗ್ರಾಂ ಹೈಡ್ರೋಜನ್. ಈಗ ಸಿಲಿಂಡರ್‌ಗೆ ಎಷ್ಟು ಕೊಡುತ್ತಿದ್ದೀರಿ ಎಂದು ಕೆಜಿಗೆ ಪರಿವರ್ತಿಸಿ, ಮೇಲಿನ ₹159ರ ಪಕ್ಕದಲ್ಲಿಟ್ಟು ನೋಡಿ. ಲಾಭ ಇದ್ದರೆ ಅಲ್ಲೇ ಇದೆ. ಆದರೆ ಸಿಲಿಂಡರ್‌ಗೆ ತುಂಬಲು ಕಂಪ್ರೆಸರ್ ಬೇಕು, ಶುದ್ಧತೆಯ ಪರೀಕ್ಷೆಯೂ ಬೇಕು ಎನ್ನುವುದು ಮರೆಯಬಾರದು.

ಹೈಡ್ರೋಜನ್ ಸುಟ್ಟು ಬಿಸಿನೀರು ಮಾಡುವುದಂತೂ ಬೇಡವೇ ಬೇಡ. 53 ಯೂನಿಟ್ ಕರೆಂಟ್ ಹೀಟ್ ಪಂಪಿಗೆ ಹೋದರೆ 185 ಯೂನಿಟ್ ಶಾಖ. ಹೈಡ್ರೋಜನ್ ಮಾಡಿ ಸುಟ್ಟರೆ 33. ಕ್ಯಾಂಟೀನಿನ ಎಲ್‌ಪಿಜಿ ಒಲೆಗೆ ಹಾಗೇ ಕೊಡುವಂತೆಯೂ ಇಲ್ಲ. ಹೈಡ್ರೋಜನ್ ಜ್ವಾಲೆ ತುಂಬಾ ವೇಗ, ಬರ್ನರ್‌ನೊಳಗೆ ಹಿಂದಕ್ಕೆ ನುಗ್ಗುತ್ತದೆ. ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ.

ಮೋಡ ಬಂದಾಗ ಎಲೆಕ್ಟ್ರೊಲೈಸರ್ ಆಫ್, ಬಿಸಿಲು ಬಂದಾಗ ಆನ್ ಮಾಡಿದರೆ ಏನಾಗುತ್ತದೆ?

ಆಲ್ಕಲೈನ್ ಯಂತ್ರವಾದರೆ ಮೂರು ತೊಂದರೆ.

ಒಂದು, ಕನಿಷ್ಠ ಲೋಡ್. ಶೇ 20ರಿಂದ 30ಕ್ಕಿಂತ ಕೆಳಗೆ ಓಡಿಸಿದರೆ ಆಮ್ಲಜನಕ ಉತ್ಪತ್ತಿ ಕಡಿಮೆಯಾಗುತ್ತದೆ, ಆದರೆ ಎರಡು ಅನಿಲಗಳ ನಡುವಿನ ತೆರೆಯಾದ ಡಯಾಫ್ರಮ್ ದಾಟಿ ಬರುವ ಹೈಡ್ರೋಜನ್ ಅಷ್ಟೇ ಇರುತ್ತದೆ. ಆಮ್ಲಜನಕದ ಕಡೆ ಹೈಡ್ರೋಜನ್ ಪ್ರಮಾಣ ಶೇ 2 ಮುಟ್ಟಿತೆಂದರೆ ಯಂತ್ರ ಟ್ರಿಪ್ ಆಗುತ್ತದೆ, ಏಕೆಂದರೆ ಶೇ 4ರಲ್ಲಿ ಹೊತ್ತಿಕೊಳ್ಳುವ ಮಿಶ್ರಣ ಶುರು. ನಮ್ಮ 100 ಕಿಲೋವ್ಯಾಟ್ ಯಂತ್ರಕ್ಕೆ 25 ಕಿಲೋವ್ಯಾಟ್ ತಳಮಿತಿ ಇಡಿ. ಎರಡು, ತಣ್ಣಗಿನಿಂದ ಪೂರ್ತಿ ಲೋಡಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ. ಪ್ರತಿ 20 ನಿಮಿಷಕ್ಕೆ ಮೋಡ ಬರುವ ಮೇ ತಿಂಗಳಲ್ಲಿ ಯಂತ್ರ ಬಿಸಿಯಾಗುವಷ್ಟರಲ್ಲಿ ನಿಲ್ಲಿಸುವ ಹೊತ್ತು. ಮೂರು, ಪೂರ್ತಿ ನಿಲ್ಲಿಸಿದಾಗಲೆಲ್ಲ ಒತ್ತಡ ಇಳಿಸಿ ನೈಟ್ರೋಜನ್‌ನಿಂದ ತೊಳೆಯಬೇಕು. ನೈಟ್ರೋಜನ್ ಸಿಲಿಂಡರ್ ಖಾಲಿ ಎಂಬ ಕಾರಣಕ್ಕೆ ಶುಭ್ರ ಬಿಸಿಲಿನಲ್ಲೂ ಯಂತ್ರ ಸುಮ್ಮನೆ ಕೂರುವುದು ಇಂಥ ಘಟಕಗಳಲ್ಲಿ ಸಾಮಾನ್ಯ ದೃಶ್ಯ.

ಆದ್ದರಿಂದ ಮೂರು ಸ್ಥಿತಿ ಇಟ್ಟುಕೊಳ್ಳಿ: ಓಟ, ಬಿಸಿ ಕಾಯುವಿಕೆ, ಆಫ್. ಬಿಸಿ ಕಾಯುವಿಕೆಯಲ್ಲಿ ಲೈ (ಕ್ಷಾರ ದ್ರಾವಣ) ಪಂಪ್ ಮತ್ತು ಹೀಟರ್‌ಗೆ ಕೆಲವು ಕಿಲೋವ್ಯಾಟ್ ಹೋಗುತ್ತದೆ, ಆದರೆ ಕೆಲವೇ ನಿಮಿಷಗಳಲ್ಲಿ ಓಟಕ್ಕೆ ಬರುತ್ತದೆ. ಮೋಡ ಒಂದು ಗಂಟೆಯೊಳಗೆ ಹೋಗುವಂತಿದ್ದರೆ ಕಾಯಿಸಿ ಇಡಿ, ಇಲ್ಲವಾದರೆ ನಿಲ್ಲಿಸಿ. ಶುರುವಾದರೆ ಕನಿಷ್ಠ ಎರಡು ಗಂಟೆ ಓಡಬೇಕು, ದಿನಕ್ಕೆ ಒಂದೇ ತಣ್ಣನೆಯ ಸ್ಟಾರ್ಟ್ ಎಂಬ ಕಟ್ಟಳೆ ಹಾಕಿ. ಕ್ಷಾರ ದ್ರಾವಣದ ಬದಲು ಪಾಲಿಮರ್ ಪೊರೆ ಬಳಸುವ ಪಿಇಎಂ ಯಂತ್ರಗಳು ಶೇ 5ರಿಂದ 10ರವರೆಗೂ ಇಳಿಯುತ್ತವೆ, ಬೇಗ ಏರುತ್ತವೆ. ಆದರೆ ನೀರಿನ ಶುದ್ಧತೆಯ ವಿಷಯದಲ್ಲಿ ಇನ್ನೂ ನಾಜೂಕು.

ಹೈಡ್ರೋಜನ್ ಮಾಡಲು ನೀರು ಎಷ್ಟು ಬೇಕು? ಬೇಸಗೆಯಲ್ಲಿ ಕುಡಿಯಲೇ ನೀರಿಲ್ಲವಲ್ಲ?

ತುಂಬೆ ಕಿಂಡಿ ಅಣೆಕಟ್ಟಿನಲ್ಲಿ, ಬಜೆಯಲ್ಲಿ ಮಟ್ಟ ಇಳಿದು ಮಂಗಳೂರು, ಉಡುಪಿಯಲ್ಲಿ ರೇಷನಿಂಗ್ ಶುರುವಾದಾಗ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಲೆಕ್ಕದಲ್ಲಿದೆ. ರಸಾಯನಶಾಸ್ತ್ರದ ಪ್ರಕಾರ ಕೆಜಿಗೆ 9 ಲೀಟರ್, ನಿಜದಲ್ಲಿ 10ರಿಂದ 11 ಲೀಟರ್ ಡಿಎಂ (ಲವಣ ತೆಗೆದ) ನೀರು. ದಿನಕ್ಕೆ 9.4 ಕೆಜಿಗೆ 100 ಲೀಟರ್. ಅಷ್ಟು ಡಿಎಂ ನೀರಿಗೆ ಎರಡನೇ ಹಂತದ ಆರ್‌ಒಗೆ 130 ಲೀಟರ್ ಹೋಗಬಹುದು. ಕಾಲೇಜಿನ 60,000 ಲೀಟರ್ ಮುಂದೆ ಇದು ಏನೂ ಅಲ್ಲ. ಕೂಲಿಂಗ್ ಟವರ್ ಹಾಕಿದರೆ ಯಂತ್ರ ತಣಿಸಲು ಆವಿಯಾಗುವ ನೀರು, ಯೂನಿಟ್ ಶಾಖಕ್ಕೆ ಒಂದೂವರೆ ಲೀಟರ್‌ನಂತೆ, ಹೈಡ್ರೋಜನ್‌ಗೆ ಹೋಗುವ ನೀರಿಗಿಂತ ಹೆಚ್ಚಾಗುತ್ತದೆ. ಅದಕ್ಕೇ ಬಿಸಿಯನ್ನು ಸ್ನಾನದ ನೀರಿಗೆ ಕೊಡಿ, ಉಳಿದದ್ದಕ್ಕೆ ಒಣ ಕೂಲರ್ ಇಡಿ.

ಕಷ್ಟ ಇರುವುದು ಪ್ರಮಾಣದಲ್ಲಲ್ಲ, ಗುಣದಲ್ಲಿ. ಡಿಎಂ ನೀರಿನ ವಾಹಕತೆ ಪಿಇಎಂಗೆ 1 ಮೈಕ್ರೊಸೀಮೆನ್ಸ್‌ಗಿಂತ ಕಡಿಮೆ, ಆಲ್ಕಲೈನ್‌ಗೆ 5ಕ್ಕಿಂತ ಕಡಿಮೆ ಇರಬೇಕು. ಸಮುದ್ರನೀರಿನ ಆರ್‌ಒದಿಂದ ಬರುವ ನೀರು ಕುಡಿಯಲು ಒಳ್ಳೆಯದೇ ಇರಬಹುದು, ವಾಹಕತೆ ಕೆಲವು ನೂರು ಇರುತ್ತದೆ. ಎರಡನೇ ಹಂತದ ಆರ್‌ಒ ಮತ್ತು ಉಳಿದ ಲವಣ ಹಿಡಿಯುವ ರೆಸಿನ್ ಕಾಲಂ ದಾಟಲೇಬೇಕು. ಮುಚ್ಚದ ಟ್ಯಾಂಕಿನಲ್ಲಿ ಇಟ್ಟ ಡಿಎಂ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ತಾನಾಗಿಯೇ ಕೆಡುತ್ತದೆ. ವಾರಕ್ಕಾಗುವಷ್ಟು ಮಾಡಿಡಬೇಡಿ. ಎಲೆಕ್ಟ್ರೊಲೈಸರ್ ಶುರುವಾಗುವ ಒಂದೆರಡು ಗಂಟೆ ಮೊದಲು ಆ ದಿನದ ನೀರು ತಯಾರಾಗುವಂತೆ ವೇಳಾಪಟ್ಟಿಯಲ್ಲೇ ಕಟ್ಟಿ.

ಆರ್‌ಒ ಘಟಕವನ್ನು ಬಿಸಿಲಿನ ಜತೆ ಏರಿಳಿಸಬಹುದೆ?

ದಿನಕ್ಕೊಮ್ಮೆ ಶುರು, ಒಮ್ಮೆ ನಿಲುಗಡೆ. ಅದಕ್ಕಿಂತ ಹೆಚ್ಚು ಬೇಡ. ಪ್ರತಿ ಸ್ಟಾರ್ಟ್‌ನಲ್ಲೂ ಒತ್ತಡದ ಏಟು ಮೆಂಬ್ರೇನ್‌ಗೆ ಬೀಳುತ್ತದೆ. ನಿಲ್ಲಿಸುವಾಗ ಸಿಹಿನೀರಿನಿಂದ ತೊಳೆಯದಿದ್ದರೆ ಒಳಗಿನ ಗಾಢ ಉಪ್ಪು ಅಲ್ಲೇ ಕೂರುತ್ತದೆ. ತೊಳೆಯುವ ನೀರನ್ನೂ ಟ್ಯಾಂಕಿನ ಲೆಕ್ಕದಿಂದ ಕಳೆಯಿರಿ. ಒಂದು ದಿನಕ್ಕಿಂತ ಹೆಚ್ಚು ನಿಂತರೆ ಬ್ಯಾಕ್ಟೀರಿಯಾ ಬೆಳೆಯಲು ಶುರು. ಕರಾವಳಿಯಲ್ಲಿ ಒಂದು ಅನುಕೂಲ ಮಾತ್ರ ನಿಜವಾಗಿ ನಮ್ಮ ಪಾಲಿಗಿದೆ: ನೀರಿನ ಕೊರತೆ ಮತ್ತು ಗಟ್ಟಿ ಬಿಸಿಲು ಎರಡೂ ಒಂದೇ ತಿಂಗಳುಗಳಲ್ಲಿ ಬರುತ್ತವೆ. ತಣ್ಣೀರುಬಾವಿಯಲ್ಲಿ ಎಂಆರ್‌ಪಿಎಲ್ ಕಟ್ಟಿರುವ ದಿನಕ್ಕೆ 3 ಕೋಟಿ ಲೀಟರ್‌ನ ಘಟಕದಂಥ ದೊಡ್ಡವು ನಿರಂತರ ಓಡುವ ಜಾತಿ. ಅವುಗಳ ವೇಳಾಪಟ್ಟಿಗೆ ಇಲ್ಲಿನ ಸಲಹೆ ಹೊಂದುವುದಿಲ್ಲ.

ಎಲೆಕ್ಟ್ರೊಲೈಸರ್‌ನ ಬಿಸಿಯಿಂದ ಎಷ್ಟು ಉಳಿತಾಯ?

ಬ್ರೋಷರ್‌ನಲ್ಲಿ ಬರೆದಷ್ಟಲ್ಲ. ಒಳಹೋದ ಕರೆಂಟಿನ ಶೇ 18ರಿಂದ 20ರಷ್ಟನ್ನು 65–75 ಡಿಗ್ರಿಯ ಶಾಖವಾಗಿ ಹಿಡಿಯಬಹುದು. ಐದು ಗಂಟೆಗೆ 95 ಯೂನಿಟ್ ಶಾಖ, ಸ್ನಾನದ ನೀರಿನ ಶೇ 17. ಬೆಲೆ ಕಟ್ಟುವಾಗ ಮಾತ್ರ 95 ಎಂದು ಹಾಕಬಾರದು; ಆ ಶಾಖವನ್ನು ಹೀಟ್ ಪಂಪ್ 27 ಯೂನಿಟ್ ಕರೆಂಟಿನಲ್ಲಿ ಕೊಡುತ್ತಿತ್ತು, ಉಳಿತಾಯ 27 ಯೂನಿಟ್ ಮಾತ್ರ. ಹೀಟ್ ಎಕ್ಸ್‌ಚೇಂಜರ್‌ಗೆ ಎಷ್ಟು ಖರ್ಚು ಮಾಡಬಹುದು ಎನ್ನುವುದು ಇದರಿಂದಲೇ ತೀರ್ಮಾನವಾಗಲಿ. ಟ್ಯಾಂಕಿನಲ್ಲಿ ಆ ಶೇ 17ಕ್ಕೆ ಜಾಗ ಬಿಟ್ಟು ಹೀಟ್ ಪಂಪ್ ನಿಲ್ಲಿಸುವುದು, ಎಲೆಕ್ಟ್ರೊಲೈಸರ್ ನಿಂತ ಮೇಲೆ ಕೊರತೆ ಇದ್ದರೆ ಮತ್ತೆ ಓಡಿಸುವುದು ಸರಿಯಾದ ಕ್ರಮ. ಇಷ್ಟು ತಾಪದಿಂದ ಹಬೆ ಬರುವುದಿಲ್ಲ. ಗೇರುಬೀಜ ಬೇಯಿಸುವ, ಕುಚ್ಚಲಕ್ಕಿ ಮಾಡುವ ಬಾಯ್ಲರ್‌ನ ನೀರನ್ನು ಮುಂಚಿತವಾಗಿ ಬೆಚ್ಚಗೆ ಮಾಡಲು ಮಾತ್ರ ಬಳಸಬಹುದು.

ಮಳೆಗಾಲದಲ್ಲಿ ಈ ವೇಳಾಪಟ್ಟಿಯ ಗತಿಯೇನು? ಬೇಸಗೆಯ ಹೈಡ್ರೋಜನ್ ಕೂಡಿಟ್ಟು ಆಟಿ ತಿಂಗಳಲ್ಲಿ ಬಳಸಬಹುದೆ?

ಜುಲೈಯಲ್ಲಿ ಕಿಲೋವ್ಯಾಟ್‌ಗೆ ದಿನಕ್ಕೆ 2ರಿಂದ 2.5 ಯೂನಿಟ್ ಬಂದರೆ ಪುಣ್ಯ. ನಮ್ಮ 500 ಕಿಲೋವ್ಯಾಟ್‌ಗೆ ಸುಮಾರು 1,150. ಅದೆಲ್ಲ ಹಗಲಿನ ಲೋಡಿಗೇ ಹೋಗುತ್ತದೆ. ಏಪ್ರಿಲ್‌ಗೆ ಹೋಲಿಸಿದರೆ ದಿನಕ್ಕೆ 1,250 ಯೂನಿಟ್ ಕಡಿಮೆ, ನೂರು ದಿನಕ್ಕೆ 1.25 ಲಕ್ಷ. ಇದನ್ನು ಹೈಡ್ರೋಜನ್‌ನಿಂದ ತುಂಬಲು 7,800 ಕೆಜಿ ಬೇಕು. 30 ಬಾರ್‌ನಲ್ಲಿ ಅಷ್ಟಕ್ಕೆ 33 ಲಕ್ಷ ಲೀಟರ್ ಗಾತ್ರದ ಟ್ಯಾಂಕ್. ನಮ್ಮಲ್ಲಿರುವುದು 40 ಕೆಜಿ, 17,000 ಲೀಟರ್. ಋತುವಿನಿಂದ ಋತುವಿಗೆ ಸಾಗಿಸುವ ಮಾತು ಇಲ್ಲಿಗೆ ಮುಗಿಯಿತು.

ಆದರೆ ಮಳೆಗಾಲದಲ್ಲಿ ಬೇಡಿಕೆಯೂ ಬದಲಾಗುತ್ತದೆ. ಬಾವಿ ತುಂಬಿರುತ್ತದೆ, ಆರ್‌ಒ ಬೇಕಾಗಿಲ್ಲ. ಅಳಿವೆಯ ಕೆಂಪು ನೀರನ್ನು ಎಳೆದು ಫಿಲ್ಟರ್ ಕಟ್ಟಿಸಿಕೊಳ್ಳುವುದಕ್ಕಿಂತ ಜೂನ್ ಮೊದಲ ವಾರದಲ್ಲೇ ಆರ್‌ಒ ನಿಲ್ಲಿಸಿ, ಶೇ 1ರ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣದಲ್ಲಿ ಮೆಂಬ್ರೇನ್ ಮುಳುಗಿಸಿಡಿ. ದ್ರಾವಣದ ಪಿಎಚ್ 3ಕ್ಕೆ ಇಳಿಯುವ ಮೊದಲು ಬದಲಿಸಿ. ಎಲೆಕ್ಟ್ರೊಲೈಸರ್‌ನ ವಾರ್ಷಿಕ ದುರಸ್ತಿಯನ್ನೂ ಈ ತಿಂಗಳುಗಳಿಗೇ ಹಾಕಿಕೊಳ್ಳಿ. ಮಾಡೆಲ್‌ನಲ್ಲಿ ಬೇಸಗೆಗೆ ಒಂದು, ಮಳೆಗಾಲಕ್ಕೆ ಒಂದು ಎಂದು ಎರಡು ಬೇರೆ ಕಡತ ಇಡುವುದು ಒಂದನ್ನೇ ತಿದ್ದುತ್ತಾ ಕೂರುವುದಕ್ಕಿಂತ ಸುಲಭ.

ಮಂಜುಗಡ್ಡೆ ಘಟಕಕ್ಕೂ ಇದು ಹೊಂದುತ್ತದೆಯೆ?

ಹೊಂದುತ್ತದೆ. ಅಲ್ಲಿ ಬಿಸಿನೀರಿನ ಜಾಗದಲ್ಲಿ ಉಪ್ಪುನೀರಿನ ತೊಟ್ಟಿಯ ತಂಪು ನಿಮ್ಮ ಸಂಗ್ರಹ. ಮಧ್ಯಾಹ್ನ ಒಂದೆರಡು ಡಿಗ್ರಿ ಹೆಚ್ಚು ತಣಿಸಿ, ಸಂಜೆಯ ದುಬಾರಿ ಹೊತ್ತಿನಲ್ಲಿ ಕಂಪ್ರೆಸರ್ ಇಳಿಸಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ ಸೋಲಾರ್ ಕಡಿಮೆ ಇರುವಾಗಲೇ ಲೋಡೂ ಕಡಿಮೆ.

ಮಾಡೆಲ್ ಬರೆಯುವುದು ಹೇಗೆ?

ದಿನವನ್ನು 15 ನಿಮಿಷದ 96 ಬ್ಲಾಕ್‌ಗಳಾಗಿ ಮಾಡಿ. ಪ್ರತಿ ಬ್ಲಾಕ್‌ಗೂ ನಾಲ್ಕು ತಾಳೆ ಸಮೀಕರಣ: ಕರೆಂಟ್, ಶಾಖ, ನೀರು, ಹೈಡ್ರೋಜನ್. ಪ್ರತಿಯೊಂದರಲ್ಲೂ ಬಂದದ್ದು ಹೋದದ್ದಕ್ಕೆ ಸಮ. ಪ್ರತಿ ಸಂಗ್ರಹಕ್ಕೂ ಒಂದು ಸಾಲು: ಈಗಿನ ಮಟ್ಟ ಅಂದರೆ ಹಿಂದಿನ ಮಟ್ಟ, ಅದಕ್ಕೆ ಒಳಬಂದದ್ದು ಕೂಡಿಸಿ, ಹೊರಹೋದದ್ದು ಮತ್ತು ಸೋರಿಕೆ ಕಳೆದದ್ದು. ಕೊಂಡಿಗಳು ಎರಡು ಮುಖ್ಯ: ಎಲೆಕ್ಟ್ರೊಲೈಸರ್‌ನ ಪ್ರತಿ 53 ಯೂನಿಟ್‌ಗೆ 1 ಕೆಜಿ ಹೈಡ್ರೋಜನ್, 10 ಲೀಟರ್ ಡಿಎಂ ನೀರು, 10 ಯೂನಿಟ್ ಶಾಖ, ಆರ್‌ಒದ ಪ್ರತಿ 4 ಯೂನಿಟ್‌ಗೆ ಸಾವಿರ ಲೀಟರ್. ಆನ್–ಆಫ್ ನಿರ್ಧಾರಗಳಿಗೆ 0 ಅಥವಾ 1 ಎಂಬ ಚರಾಂಶ. ಇದಕ್ಕೆ ಮಿಕ್ಸೆಡ್ ಇಂಟಿಜರ್ ಲೀನಿಯರ್ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಪೈಥಾನ್‌ನ ಪಯೋಮೊ ಅಥವಾ ಪಲ್ಪ್‌ನಲ್ಲಿ ಬರೆದು, ಹೈಸ್ ಅಥವಾ ಸಿಬಿಸಿಯಂಥ ಉಚಿತ ಸಾಲ್ವರ್‌ಗೆ (ಉತ್ತರ ಹುಡುಕುವ ಸಾಫ್ಟ್‌ವೇರ್) ಕೊಡಿ. ಈ ಗಾತ್ರಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಅತ್ಯುತ್ತಮ ಉತ್ತರದಿಂದ ಶೇ 1ರ ಅಂತರದೊಳಗೆ ಬಂದರೆ ನಿಲ್ಲಿಸಲು ಹೇಳಿ. ಮೋಡದ ಅಂದಾಜೇ ಶೇ 20 ತಪ್ಪಿರುವಾಗ ಕೊನೆಯ ಪೈಸೆ ಹುಡುಕುವುದು ವ್ಯರ್ಥ.

ಗುರಿಯಲ್ಲಿ ಸೇರಬೇಕಾದ್ದು: ಗ್ರಿಡ್‌ನಿಂದ ಕೊಂಡದ್ದು, ಗ್ರಿಡ್‌ಗೆ ಕೊಟ್ಟಿದ್ದಕ್ಕೆ ಬಂದದ್ದು, ಬ್ಯಾಟರಿ ಸವೆತ, ಎಲೆಕ್ಟ್ರೊಲೈಸರ್‌ನ ಪ್ರತಿ ಸ್ಟಾರ್ಟ್‌ಗೆ ಒಂದು ದಂಡ, ತಿಂಗಳ ಗರಿಷ್ಠ ಬೇಡಿಕೆಯ ಶುಲ್ಕ. ಕೊನೆಯದನ್ನು ಬಿಡುವವರೇ ಹೆಚ್ಚು. ಮೋಡ ಸರಿದ ಕೂಡಲೇ ಆರ್‌ಒ, ಹೀಟ್ ಪಂಪ್, ಎಲೆಕ್ಟ್ರೊಲೈಸರ್ ಮೂರೂ ಎದ್ದು, ಮತ್ತೆ ಮೋಡ ಕವಿದರೆ ಆ ಒಂದು ಬ್ಲಾಕ್‌ನ ಕೆವಿಎ (ಗರಿಷ್ಠ ಬೇಡಿಕೆಯ ಅಳತೆ) ಇಡೀ ತಿಂಗಳ ಬಿಲ್ ಏರಿಸುತ್ತದೆ.

ಉತ್ತರ ವಿಚಿತ್ರವಾಗಿ ಬರುತ್ತಿದೆ. ಎಲ್ಲಿ ನೋಡಬೇಕು?

ರಾತ್ರಿ 12ಕ್ಕೆ ಎಲ್ಲ ಟ್ಯಾಂಕೂ, ಬ್ಯಾಟರಿಯೂ ಖಾಲಿಯಾಗಿದ್ದರೆ ಕೊನೆಯ ಮಟ್ಟದ ಕಟ್ಟಳೆ ಹಾಕಿಲ್ಲ. ಮಾಡೆಲ್‌ಗೆ ನಾಳೆ ಎಂಬುದೇ ಇಲ್ಲ. ಬ್ಯಾಟರಿ ಒಂದೇ ಹೊತ್ತಿನಲ್ಲಿ ಚಾರ್ಜೂ ಡಿಸ್ಚಾರ್ಜೂ ಆಗುತ್ತಿದ್ದರೆ, ಹೆಚ್ಚಾದ ಕರೆಂಟ್ ಎಸೆಯಲು ಬೇರೆ ದಾರಿ ಇಲ್ಲದೆ ಅದು ನಷ್ಟದಲ್ಲಿ ಸುಡುತ್ತಿದೆ. ಸೋಲಾರ್ ತಗ್ಗಿಸುವ ಅವಕಾಶ ಕೊಡಿ. ಎಲ್ಲ ಸಂಗ್ರಹವೂ ನಾಲ್ಕು ಪಟ್ಟು ವೇಗದಲ್ಲಿ ತುಂಬಿದರೆ ಕಿಲೋವ್ಯಾಟನ್ನು 0.25ರಿಂದ ಗುಣಿಸಿ ಯೂನಿಟ್ ಮಾಡುವುದು ಬಿಟ್ಟುಹೋಗಿದೆ. ಹೈಡ್ರೋಜನ್ ದಕ್ಷತೆ ಅನುಮಾನ ಬರುವಷ್ಟು ಚೆನ್ನಾಗಿದ್ದರೆ ಒಂದು ಕಡೆ ಕೆಜಿಗೆ 39.4 (ಆವಿಯ ಶಾಖ ಸೇರಿಸಿದ ಲೆಕ್ಕ), ಇನ್ನೊಂದು ಕಡೆ 33.3 ಯೂನಿಟ್ (ಅದನ್ನು ಬಿಟ್ಟ ಲೆಕ್ಕ) ಹಾಕಿರುತ್ತೀರಿ. ಪರಿಹಾರವೇ ಇಲ್ಲ ಎಂದು ಸಾಲ್ವರ್ ಕೈಚೆಲ್ಲಿದರೆ, ಪ್ರತಿ ತಾಳೆಗೂ ‘ಪೂರೈಸದ ಬೇಡಿಕೆ’ ಎಂಬ ಚರಾಂಶ ಸೇರಿಸಿ, ಯೂನಿಟ್‌ಗೆ ₹1,000 ದಂಡ ಹಾಕಿ ಮತ್ತೆ ಓಡಿಸಿ. ಯಾವ ಹೊತ್ತಿಗೆ ಯಾವುದು ಸಾಲದು ಎಂದು ಅದೇ ತೋರಿಸುತ್ತದೆ.

ಇನ್ನೊಂದು ತಪ್ಪು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಬಿಸಿನೀರಿನ ಟ್ಯಾಂಕಿಗೆ ಒಂದೇ ತಾಪ ಹಾಕಿರುತ್ತೇವೆ. ನಿಜದ ಟ್ಯಾಂಕಿನಲ್ಲಿ ಮೇಲೆ 60, ಕೆಳಗೆ 30 ಡಿಗ್ರಿ ಇರುತ್ತದೆ, ಇರಬೇಕು ಕೂಡ. ಹಿಂತಿರುಗುವ ನೀರನ್ನು ನಡುವಿಗೆ ಬಿಟ್ಟರೆ ಎಲ್ಲ ಕಲಸಿ 45 ಡಿಗ್ರಿಯಾಗುತ್ತದೆ. ಮಾಡೆಲ್ ಪ್ರಕಾರ ಶಾಖ ಅಷ್ಟೇ ಇದೆ, ಹಾಸ್ಟೆಲ್‌ನ ಕೊನೆಯ ಮಹಡಿಯಲ್ಲಿ ಮಾತ್ರ ದೂರು ಶುರು.

ಹವಾಮಾನ ಅಂದಾಜು ತಪ್ಪಿದರೆ?

ತಪ್ಪಿಯೇ ತಪ್ಪುತ್ತದೆ. ಹಿಂದಿನ ರಾತ್ರಿ ಎರಡೇ ವಿಷಯ ಗಟ್ಟಿ ಮಾಡಿ: ಎಲೆಕ್ಟ್ರೊಲೈಸರ್ ಶುರುವಾಗುವ ಹೊತ್ತು, ಆರ್‌ಒ ಓಡುವ ಕಿಟಕಿ. ಉಳಿದದ್ದನ್ನು ಗಂಟೆಗೊಮ್ಮೆ ಮುಂದಿನ 24 ಗಂಟೆಗೆ ಮತ್ತೆ ಲೆಕ್ಕ ಹಾಕಿ, ಮೊದಲ ಬ್ಲಾಕ್‌ಗಳನ್ನಷ್ಟೇ ಜಾರಿಗೆ ತನ್ನಿ. ಮಧ್ಯದ ಏರಿಳಿತ ಬ್ಯಾಟರಿ ತಾಳಿಕೊಳ್ಳಲಿ. ಅದಕ್ಕಾಗಿ ಹಗಲಿಡೀ ಎರಡೂ ಕಡೆ ಶೇ 15 ಜಾಗ ಬಿಡಿ. ಶುಭ್ರ, ಅರೆಮೋಡ, ಪೂರ್ತಿ ಮೋಡ ಎಂಬ ಮೂರು ಸನ್ನಿವೇಶಕ್ಕೂ ಒಂದೇ ಆನ್–ಆಫ್ ನಿರ್ಧಾರ ಹೊಂದುವಂತೆ ಬರೆದರೆ ಇನ್ನೂ ಒಳ್ಳೆಯದು.

ಗುಡುಗು ಮಳೆಗೆ ಕರೆಂಟ್ ಹೋದರೆ ಘಟಕ ತಾನಾಗಿ ನಡೆಯುತ್ತದೆಯೆ?

ಸಾಮಾನ್ಯ ಸೋಲಾರ್ ಇನ್ವರ್ಟರ್‌ಗಳು ಗ್ರಿಡ್ ಹೋದೊಡನೆ ನಿಲ್ಲುತ್ತವೆ. ಲೈನ್‌ಮ್ಯಾನ್ ಸುರಕ್ಷತೆಗೆ ಹಾಗೇ ಇರಬೇಕು. ಬ್ಯಾಟರಿಯ ಇನ್ವರ್ಟರ್ ಗ್ರಿಡ್ ರೂಪಿಸುವ (ಹೊರಗಿನ ಲೈನ್ ಇಲ್ಲದೆಯೂ ತಾನೇ ವೋಲ್ಟೇಜ್ ಕಟ್ಟುವ) ಜಾತಿಯದಾಗಿದ್ದು, ಹೊರಗಿನ ಲೈನಿನಿಂದ ಬೇರ್ಪಡಿಸುವ ಸ್ವಿಚ್ ಇದ್ದರೆ ಮಾತ್ರ ಒಳಗಿನ ಜಾಲ ಬದುಕುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಘಟ್ಟದ ಕಡೆಯಿಂದ ಗುಡುಗು ಬರುವುದು ಸಂಜೆ ಹೊತ್ತಿಗೆ. ತುರ್ತು ಲೋಡ್ 30 ಕಿಲೋವ್ಯಾಟ್, ನಾಲ್ಕು ಗಂಟೆಗೆ 120 ಯೂನಿಟ್. ತಳದ ಶೇ 10 ಸೇರಿಸಿದರೆ ಸಂಜೆ 4ರ ನಂತರ ಬ್ಯಾಟರಿ ಶೇ 40ಕ್ಕಿಂತ ಕೆಳಗಿಳಿಯಬಾರದು ಎಂಬ ಕಟ್ಟಳೆ ಬರುತ್ತದೆ. ಜೂನ್–ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದು ರಾತ್ರಿಯಿಡೀ ಹೋದಾಗ ಹೈಡ್ರೋಜನ್‌ಗೆ ಕೆಲಸ: 20 ಕೆಜಿ ಕಾಯ್ದಿಟ್ಟರೆ 320 ಯೂನಿಟ್, ಹತ್ತು ಗಂಟೆಗೂ ಮೇಲೆ. ಹಾಗೆಂದು ಡೀಸೆಲ್ ಜನರೇಟರ್ ಈಗಾಗಲೇ ಇರುವವರಿಗೆ ಅಷ್ಟೇ ಕರೆಂಟಿಗೆ 90 ಲೀಟರ್ ಡೀಸೆಲ್ ಸಾಕು ಎಂಬುದನ್ನೂ ಹೇಳಬೇಕು.

ರಾತ್ರಿ ಗ್ರಿಡ್ ಕರೆಂಟಿನಲ್ಲಿ ಮಾಡಿದ್ದೂ ಹಸಿರು ಹೈಡ್ರೋಜನ್ ಆಗುತ್ತದೆಯೆ?

ಕೇಂದ್ರ ಸರಕಾರ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ಕೆಜಿ ಹೈಡ್ರೋಜನ್‌ಗೆ 2 ಕೆಜಿ ಇಂಗಾಲದ ಡೈಆಕ್ಸೈಡ್ ಮಿತಿ, 12 ತಿಂಗಳ ಸರಾಸರಿಯಲ್ಲಿ. ನಮ್ಮ ಗ್ರಿಡ್‌ನ ಯೂನಿಟ್‌ಗೆ 0.7 ಕೆಜಿಯಂತೆ 53 ಯೂನಿಟ್‌ಗೆ 37 ಕೆಜಿ. ವರ್ಷದಲ್ಲಿ ಶೇ 5ಕ್ಕಿಂತ ಹೆಚ್ಚು ಗ್ರಿಡ್ ಕರೆಂಟ್ ಸೇರಿದರೆ ಮಿತಿ ದಾಟಿತು.

ಹೊರಬರುವ ಆಮ್ಲಜನಕವನ್ನು ಆಸ್ಪತ್ರೆಗೆ ಕೊಡಬಹುದೆ?

ನೇರವಾಗಿ ಇಲ್ಲ. ಕೆಜಿ ಹೈಡ್ರೋಜನ್‌ಗೆ 8 ಕೆಜಿ ಆಮ್ಲಜನಕ ಬರುತ್ತದೆ ನಿಜ, ಆದರೆ ವೈದ್ಯಕೀಯ ಆಮ್ಲಜನಕಕ್ಕೆ ಬೇರೆಯೇ ಗುಣಮಟ್ಟ, ಬೇರೆಯೇ ಪರವಾನಗಿ. ಸಿಗಡಿ ಕೆರೆಗೆ ಬಿಡಬಹುದು.

ಸುರಕ್ಷತೆಗೆ ಏನು ಮುಖ್ಯ?

ಸಂಗ್ರಹ ಮತ್ತು ಸಿಲಿಂಡರ್‌ಗೆ ಪೆಸೊ (ಸ್ಫೋಟಕ, ಒತ್ತಡದ ಅನಿಲಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ಅನುಮತಿ, ಕಾಮಗಾರಿಗೆ ಮೊದಲೇ. ಹೈಡ್ರೋಜನ್ ಕೋಣೆಗೆ ಫಾಲ್ಸ್ ಸೀಲಿಂಗ್ ಬೇಡ; ಅನಿಲ ಮೇಲೇರುತ್ತದೆ, ಮಾಡಿನ ಅತಿ ಎತ್ತರದಲ್ಲಿ ತೆರಪು ಮತ್ತು ಡಿಟೆಕ್ಟರ್ ಇರಲಿ. ಉಪ್ಪುಗಾಳಿಗೆ 316ಎಲ್ ಸ್ಟೀಲ್ ಪೈಪೇ ಬೇಕು. ನಮ್ಮ ಮುರಕಲ್ಲಿನ ನೆಲದಲ್ಲಿ ಅರ್ಥಿಂಗ್ ಅನ್ನು ಆಗಸ್ಟ್‌ನಲ್ಲಿ ಅಳೆದು ಚೆನ್ನಾಗಿದೆ ಎಂದು ಬರೆದಿಡುವುದರಲ್ಲಿ ಅರ್ಥವಿಲ್ಲ. ನೆಲ ಒಣಗಿದ ಏಪ್ರಿಲ್‌ನಲ್ಲಿ, ಸಿಡಿಲು ಶುರುವಾಗುವ ಮೊದಲು ಅಳೆಯಿರಿ.

ಸಾಫ್ಟ್‌ವೇರ್ ಇಲ್ಲದೆ ಶುರು ಮಾಡಬಹುದೆ? ಯಾವ ಮೀಟರ್ ಬೇಕು?

ಮೇಲೆ ಹೇಳಿದ ಸಾಲಿನಂತೆ ಕೈಯಿಂದಲೇ ನಡೆಸಿ ನೋಡಿ; ಲಾಭದ ದೊಡ್ಡ ಪಾಲು ಅಲ್ಲೇ ಸಿಗುತ್ತದೆ. ಆರ್‌ಒ, ಹೀಟ್ ಪಂಪ್, ಎಲೆಕ್ಟ್ರೊಲೈಸರ್‌ಗೆ ತಲಾ ಒಂದು 15 ನಿಮಿಷದ ಎನರ್ಜಿ ಮೀಟರ್, ಸಿಹಿನೀರಿನ ಟ್ಯಾಂಕಿಗೆ ಮಟ್ಟದ ಸೆನ್ಸರ್, ಬಿಸಿನೀರಿನ ಟ್ಯಾಂಕಿಗೆ ಮೇಲೊಂದು ಕೆಳಗೊಂದು ತಾಪಮಾಪಕ. ಹೈಡ್ರೋಜನ್ ಟ್ಯಾಂಕಿಗೆ ಪ್ರೆಶರ್ ಗೇಜ್ ಒಂದೇ ಸಾಲದು, ತಾಪವೂ ಬೇಕು. ಬೆಳಿಗ್ಗೆ 24 ಡಿಗ್ರಿ ಇದ್ದ ಟ್ಯಾಂಕ್ ಬಿಸಿಲಿಗೆ 45ಕ್ಕೆ ಏರಿದರೆ ಒಂದು ಗ್ರಾಂ ಅನಿಲ ಸೇರದಿದ್ದರೂ ಒತ್ತಡ ಶೇ 7 ಏರುತ್ತದೆ. ತುಂಬಿದ ಟ್ಯಾಂಕಿನಲ್ಲಿ ಅದು ಸುಮಾರು 2.8 ಕೆಜಿಯಂತೆ ಕಾಣುತ್ತದೆ, ಸಂಜೆ ತಂಪಾದಾಗ ಲಾಗ್‌ಬುಕ್‌ನಿಂದ ಮಾಯವಾಗುತ್ತದೆ, ಮರುದಿನ ಎಲ್ಲರೂ ಸೋರಿಕೆ ಹುಡುಕುತ್ತಾರೆ.